ವಿದ್ಯಾರ್ಥಿ ಸಂಗೀತ ವಿಡಿಯೊ: ಯೋಜನೆ, ಚಿತ್ರೀಕರಣ, ಸಂಕಲನ

ವಿದ್ಯಾರ್ಥಿ ಸಂಗೀತ ವಿಡಿಯೊ ಎಂಬುದು ಮೊದಲೇ ಧ್ವನಿಮುದ್ರಣಗೊಂಡ ಹಾಡೊಂದಕ್ಕೆ ಶಾಲೆ, ಕಾಲೇಜು ಇಲ್ಲವೆ ಚಲನಚಿತ್ರ ತರಬೇತಿ ಸಂಸ್ಥೆಯ ವಿದ್ಯಾರ್ಥಿಗಳು ಕಲಿಕೆಯ ಅಂಗವಾಗಿ ಚಿತ್ರೀಕರಿಸಿ ಸಂಕಲಿಸುವ ಕಿರು ದೃಶ್ಯಕೃತಿ. ಹಾಡಿನ ಅವಧಿಯೇ ಇದರ ಅವಧಿ. ಸಾಮಾನ್ಯವಾಗಿ 3ರಿಂದ 5 ನಿಮಿಷ. ಕಥಾಚಿತ್ರದಲ್ಲಿ ಚಿತ್ರ ಮುಗಿದ ಮೇಲೆ ಹಿನ್ನೆಲೆ ಸಂಗೀತ ಕೂಡಿಸುತ್ತಾರೆ. ಸಂಗೀತ ವಿಡಿಯೊದಲ್ಲಿ ಧ್ವನಿ ಮೊದಲೇ ಸಿದ್ಧವಾಗಿರುತ್ತದೆ. ಅದನ್ನು ಹಿಗ್ಗಿಸುವಂತಿಲ್ಲ, ಕುಗ್ಗಿಸುವಂತಿಲ್ಲ. ಇದರ ಯೋಜನೆ, ಚಿತ್ರೀಕರಣ, ಸಂಕಲನಗಳ ಬಹುಪಾಲು ತಂತ್ರಗಳು ಈ ಒಂದು ಕಟ್ಟುಪಾಡಿನಿಂದಲೇ ಹುಟ್ಟಿದವು.

ಈ ಲೇಖನದಲ್ಲಿ ‘ಶಾಟ್’ ಎಂದರೆ ಕ್ಯಾಮೆರಾ ಚಾಲೂ ಆಗಿ ನಿಲ್ಲುವವರೆಗಿನ ಒಂದು ತುಣುಕು; ಸಂಕಲನದಲ್ಲಿ ಎರಡು ಕತ್ತರಿಗಳ ನಡುವಿನ ಭಾಗ. ‘ಟೇಕ್’ ಎಂದರೆ ಅದೇ ಶಾಟನ್ನು ತೆಗೆಯುವ ಒಂದೊಂದು ಸರದಿ. ‘ಫ್ರೇಮ್’ ಎಂದರೆ ವಿಡಿಯೊದ ಒಂದು ಸ್ಥಿರಚಿತ್ರ. ಚಿತ್ರೀಕರಣದ ಸ್ಥಳದಲ್ಲಿ ಹಾಡನ್ನು ಸ್ಪೀಕರಿನಲ್ಲಿ ಹಾಕಿ, ಅದಕ್ಕೆ ತಕ್ಕಂತೆ ಕಲಾವಿದರು ಅಭಿನಯಿಸುವ ಕ್ರಮ ‘ಪ್ಲೇಬ್ಯಾಕ್’. ಹಾಡುವವರ ತುಟಿಚಲನೆಯೂ ಕೇಳುವ ಧ್ವನಿಯೂ ಕೂಡಿಬರುವುದು ‘ಲಿಪ್ ಸಿಂಕ್’.

ಉಗಮ

ಧ್ವನಿಮುದ್ರಿತ ಹಾಡಿಗೆ ಚಿತ್ರ ಕೂಡಿಸುವ ಪದ್ಧತಿ ಟಿವಿಯ ಸಂಗೀತ ವಾಹಿನಿಗಳಿಗಿಂತ ಹಳೆಯದು. ಅಮೆರಿಕದಲ್ಲಿ 1940ರ ದಶಕದಲ್ಲಿ ‘ಪ್ಯಾನೊರಾಮ್’ ಎಂಬ ನಾಣ್ಯ ಹಾಕುವ ಯಂತ್ರಗಳಲ್ಲಿ ತೋರಿಸುತ್ತಿದ್ದ ‘ಸೌಂಡೀಸ್’ ಕಿರುಚಿತ್ರಗಳು, ಫ್ರಾನ್ಸಿನಲ್ಲಿ 1960ರ ದಶಕದ ‘ಸ್ಕೋಪಿಟೋನ್’ ಯಂತ್ರದ ಚಿತ್ರಗಳು ಇದರ ಹಳೆಯ ರೂಪಗಳು. 1965ರಲ್ಲಿ ಲಂಡನ್ನಿನ ಓಣಿಯೊಂದರಲ್ಲಿ ಬಾಬ್ ಡಿಲನ್ ಹಾಡಿನ ಪದಗಳನ್ನು ಬರೆದ ರಟ್ಟುಗಳನ್ನು ಒಂದೊಂದಾಗಿ ಕೆಳಗೆ ಹಾಕುವ ದೃಶ್ಯವನ್ನು ಡಿ. ಎ. ಪೆನ್ನೆಬೇಕರ್ ಚಿತ್ರೀಕರಿಸಿದರು. ಲಿಪ್ ಸಿಂಕ್ ಇಲ್ಲದೆ, ಹೆಚ್ಚು ಖರ್ಚೂ ಇಲ್ಲದೆ ಮುಗಿಯುವ ಈ ಮಾದರಿಯನ್ನು ವಿದ್ಯಾರ್ಥಿಗಳು ಇಂದಿಗೂ ಅನುಸರಿಸುತ್ತಾರೆ. ಕ್ವೀನ್ ತಂಡದ ‘ಬೊಹೀಮಿಯನ್ ರ‍್ಯಾಪ್ಸೊಡಿ’ ವಿಡಿಯೊ (1975, ನಿರ್ದೇಶನ ಬ್ರೂಸ್ ಗವರ್ಸ್) ಹಾಡಿನ ಮಾರಾಟಕ್ಕೆ ಚಿತ್ರ ಎಷ್ಟು ನೆರವಾಗಬಲ್ಲದೆಂದು ತೋರಿಸಿತು. 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಎಂಟಿವಿ ವಾಹಿನಿ ಆರಂಭವಾದ ಮೇಲೆ ಸಂಗೀತ ವಿಡಿಯೊ ಪ್ರತ್ಯೇಕ ಪ್ರಕಾರವಾಗಿ ನೆಲೆಯೂರಿತು. ಜಾನ್ ಲ್ಯಾಂಡಿಸ್ ನಿರ್ದೇಶಿಸಿದ ಮೈಕೆಲ್ ಜಾಕ್ಸನ್ನರ ‘ಥ್ರಿಲ್ಲರ್’ (1983) ಸುಮಾರು 14 ನಿಮಿಷದ ಕಥಾರೂಪ ಪಡೆಯಿತು.

ಭಾರತದಲ್ಲಿ ಈ ಕೌಶಲ ಬೆಳೆದದ್ದು ಸಿನಿಮಾ ಹಾಡಿನ ಮೂಲಕ. ಮೊದಲ ಟಾಕಿಗಳಲ್ಲಿ ನಟರು ಕ್ಯಾಮೆರಾ ಮುಂದೆಯೇ ಹಾಡಬೇಕಿತ್ತು. 1935ರಲ್ಲಿ ನಿತಿನ್ ಬೋಸ್ ಬಂಗಾಳಿಯಲ್ಲಿ ‘ಭಾಗ್ಯಚಕ್ರ’, ಹಿಂದಿಯಲ್ಲಿ ‘ಧೂಪ್ ಛಾಂವ್’ ಎಂದು ತೆಗೆದ ಚಿತ್ರದಿಂದ ಹಿನ್ನೆಲೆ ಗಾಯನ ಬಳಕೆಗೆ ಬಂತು. ಹಾಡನ್ನು ಮೊದಲೇ ಮುದ್ರಿಸಿ ಚಿತ್ರವನ್ನು ಆಮೇಲೆ ತೆಗೆಯುವ ಕ್ರಮ ಆಗಿನಿಂದ ನೆಲೆಗೊಂಡಿತು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು 1946ರಲ್ಲಿ ಡಿಪ್ಲೊಮಾ ಪಡೆದ ವಿ. ಕೆ. ಮೂರ್ತಿ, ‘ಕಾಗಜ್ ಕೆ ಫೂಲ್’ (1959) ಚಿತ್ರದ ಹಾಡೊಂದಕ್ಕೆ ಕನ್ನಡಿಗಳಿಂದ ಸೂರ್ಯನ ಬೆಳಕನ್ನು ಸ್ಟುಡಿಯೊದೊಳಕ್ಕೆ ತಿರುಗಿಸಿ ಬೆಳಕಿನ ಕಂಬ ನಿಲ್ಲಿಸಿದರು. ಬೆಳಕಿನ ಪಾಠಗಳಲ್ಲಿ ಈ ದೃಶ್ಯ ಇಂದಿಗೂ ಉದಾಹರಣೆ. 1988ರ ಆಗಸ್ಟ್ 15ರಂದು ದೂರದರ್ಶನ ಪ್ರಸಾರ ಮಾಡಿದ ‘ಮಿಲೇ ಸುರ್ ಮೇರಾ ತುಮ್ಹಾರಾ’ ಸಿನಿಮಾದ ಹೊರಗೆ ನಿಂತ ಭಾರತೀಯ ಸಂಗೀತ ವಿಡಿಯೊಗಳಲ್ಲಿ ಹೆಚ್ಚು ಹೆಸರಾದುದು. ಅದರ ಹಲವು ಭಾಷೆಗಳ ಸಾಲುಗಳಲ್ಲಿ ಕನ್ನಡದ ಸಾಲೂ ಇದೆ.

ಶಿಕ್ಷಣದಲ್ಲಿ ಬಳಕೆ

ಸಂಗೀತ ವಿಡಿಯೊವನ್ನು ಪರೀಕ್ಷೆಯ ಕೃತಿಯಾಗಿ ವ್ಯಾಪಕವಾಗಿ ಬಳಸಿದ್ದು ಬ್ರಿಟನ್ನಿನ ಎ-ಲೆವೆಲ್ ಮಾಧ್ಯಮ ಅಧ್ಯಯನ. ಅಲ್ಲಿನ ಓಸಿಆರ್ ಪರೀಕ್ಷಾ ಮಂಡಳಿಯ ಹಳೆಯ ಪಠ್ಯಕ್ರಮದಲ್ಲಿ ವಿದ್ಯಾರ್ಥಿಗಳು ಸಣ್ಣ ಗುಂಪಾಗಿ ವಿಡಿಯೊ ತಯಾರಿಸಬಹುದಿತ್ತು. ಜೊತೆಗೆ ಆಲ್ಬಂ ಹೊದಿಕೆ, ಪತ್ರಿಕಾ ಜಾಹೀರಾತಿನಂಥ ಪೂರಕ ಕೆಲಸಗಳಿದ್ದವು. ಸಂಶೋಧನೆ ಮತ್ತು ಯೋಜನೆಯ ದಾಖಲೆಗೂ ಅಂಕ ಸಿಗುತ್ತಿತ್ತು. 2017ರಿಂದ ಬೋಧನೆಗೆ ಬಂದ ಹೊಸ ಪಠ್ಯಕ್ರಮದಲ್ಲಿ ಪ್ರಾಯೋಗಿಕ ಕೃತಿಗೆ ಒಟ್ಟು ಅಂಕದ ಶೇ. 30 ಮೀಸಲು, ಮೌಲ್ಯಮಾಪನ ವೈಯಕ್ತಿಕ. ಸಹಪಾಠಿಗಳು ನಟಿಸಬಹುದು, ಕ್ಯಾಮೆರಾ ಹಿಡಿಯಬಹುದು. ಆದರೆ ಅದು ಅಂಕ ಪಡೆಯುವ ವಿದ್ಯಾರ್ಥಿಯ ನಿರ್ದೇಶನದಂತೆ ನಡೆಯಬೇಕು.

ಪುಣೆಯ ಭಾರತೀಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಲ್ಲಿ (ಸ್ಥಾಪನೆ 1960) ಹಾಡನ್ನು ಚಿತ್ರೀಕರಿಸುವ ‘ಪ್ಲೇಬ್ಯಾಕ್’ ಅಭ್ಯಾಸ ವಿದ್ಯಾರ್ಥಿ ಚಿತ್ರಗಳ ಒಂದು ಮಜಲು. ಕರ್ನಾಟಕದಲ್ಲಿ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನ ವಿಭಾಗವಾಗಿ 1940ರ ದಶಕದಲ್ಲಿ ಮೊದಲಾದ ಛಾಯಾಗ್ರಹಣ ಶಿಕ್ಷಣ ಈಗ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಲ್ಲಿ ಮುಂದುವರಿದಿದೆ.

ರಚನೆ

ಸಂಗೀತ ವಿಡಿಯೊದ ಎಲುಬು ಹಾಡಿನ ವಿಭಾಗಗಳೇ: ಆರಂಭದ ವಾದ್ಯಭಾಗ, ಪಲ್ಲವಿ, ನಡುವಿನ ವಾದ್ಯಭಾಗ, ಚರಣಗಳು, ಮುಕ್ತಾಯ. ಪಲ್ಲವಿ ಮರಳಿ ಬಂದಾಗ ನೋಡುಗರ ಕಣ್ಣು ಪರಿಚಿತ ಚಿತ್ರವನ್ನು ಬಯಸುತ್ತದೆ. ಅದೇ ಸ್ಥಳ, ಅದೇ ಉಡುಪು, ಆದರೆ ಪ್ರತಿಸಲವೂ ತುಸು ಹೆಚ್ಚಿನದೇನೋ ಒಂದು ಇರುವಂತೆ ದೃಶ್ಯ ಹೂಡುವುದು ರೂಢಿ. ಚರಣಗಳು ಹೊಸ ಮಾಹಿತಿಗೆ ಮೀಸಲು. ಹಾಡುವವರಿಲ್ಲದ ವಾದ್ಯಭಾಗಗಳಲ್ಲಿ ಲಿಪ್ ಸಿಂಕ್‌ನ ಹಂಗಿಲ್ಲವಾದ್ದರಿಂದ ಕಥೆಯ ತಿರುವುಗಳು ಹೆಚ್ಚಾಗಿ ಅಲ್ಲಿಯೇ ಬರುತ್ತವೆ.

ಆ್ಯಂಡ್ರೂ ಗುಡ್ವಿನ್ 1992ರಲ್ಲಿ ಪ್ರಕಟಿಸಿದ ‘ಡಾನ್ಸಿಂಗ್ ಇನ್ ದ ಡಿಸ್ಟ್ರ್ಯಾಕ್ಷನ್ ಫ್ಯಾಕ್ಟರಿ’ ಎಂಬ ಅಧ್ಯಯನ ಮಾಧ್ಯಮ ತರಗತಿಗಳಲ್ಲಿ ಮುಖ್ಯ ಆಕರ. ಅವರ ಪ್ರಕಾರ ಚಿತ್ರವು ಸಾಹಿತ್ಯವನ್ನು ಹಾಗೆಯೇ ತೋರಿಸಬಹುದು, ಅದಕ್ಕೆ ಹೊಸ ಅರ್ಥ ಸೇರಿಸಬಹುದು ಅಥವಾ ಅದಕ್ಕೆ ಸಂಬಂಧವಿಲ್ಲದೆ, ವಿರುದ್ಧವಾಗಿ ನಡೆಯಬಹುದು. ವಿದ್ಯಾರ್ಥಿಗಳ ಮೊದಲ ಕೃತಿಗಳು ಬಹುಪಾಲು ಮೊದಲ ಬಗೆಯವು: ಹಾಡಿನಲ್ಲಿ ಮಳೆ ಎಂದರೆ ಪರದೆಯಲ್ಲೂ ಮಳೆ. ಕಲಾವಿದರ ಸಮೀಪ ಶಾಟ್‌ಗಳು, ಸಂಗೀತ ಪ್ರಕಾರಕ್ಕೆ ಹೊಂದುವ ಉಡುಪು ಮತ್ತು ಸ್ಥಳ, ಬೇರೆ ಚಿತ್ರಗಳ ಉಲ್ಲೇಖ, ನೋಡುವ ಕಣ್ಣನ್ನೇ ವಿಷಯವಾಗಿಸುವುದು ಇವನ್ನೂ ಗುಡ್ವಿನ್ ಲಕ್ಷಣಗಳಾಗಿ ಗುರುತಿಸುತ್ತಾರೆ.

ಪ್ರಕಾರಗಳು

ಬೋಧನೆಯಲ್ಲಿ ಮೂರು ಪ್ರಕಾರಗಳನ್ನು ಹೇಳುವುದು ವಾಡಿಕೆ: ಕಲಾವಿದರು ಹಾಡುವುದನ್ನು, ನುಡಿಸುವುದನ್ನು ತೋರಿಸುವ ಪ್ರದರ್ಶನಾತ್ಮಕ ವಿಡಿಯೊ, ಕಥೆ ಹೇಳುವ ಕಥನಾತ್ಮಕ ವಿಡಿಯೊ, ಒಂದೇ ದೃಶ್ಯಕಲ್ಪನೆಯ ಮೇಲೆ ನಿಲ್ಲುವ ಕಲ್ಪನಾತ್ಮಕ ವಿಡಿಯೊ. ಬಹುತೇಕ ಕೃತಿಗಳು ಮಿಶ್ರ.

ಕಡಿಮೆ ಸಲಕರಣೆಯಲ್ಲಿ ಮುಗಿಯುವ ಕಲ್ಪನಾತ್ಮಕ ಮಾದರಿಗಳು ವಿದ್ಯಾರ್ಥಿಗಳಿಗೆ ಹೆಚ್ಚು ಅನುಕೂಲ. ಓಕೆ ಗೋ ತಂಡದ ‘ಹಿಯರ್ ಇಟ್ ಗೋಸ್ ಅಗೇನ್’ (2006) ಎಂಟು ಟ್ರೆಡ್‌ಮಿಲ್‌ಗಳ ಮೇಲೆ, ಅಲುಗದ ಒಂದು ಕ್ಯಾಮೆರಾದಲ್ಲಿ, ಒಂದೇ ಟೇಕಿನಲ್ಲಿ ತೆಗೆದದ್ದು. ಇಂಥದರಲ್ಲಿ ಸಂಕಲನದ ಕೆಲಸವೆಲ್ಲ ತಾಲೀಮಿಗೆ ವರ್ಗವಾಗುತ್ತದೆ. ಕೋಲ್ಡ್‌ಪ್ಲೇ ತಂಡದ ‘ದ ಸೈಂಟಿಸ್ಟ್’ (2002) ಹಿಮ್ಮುಖವಾಗಿ ಓಡುವ ವಿಡಿಯೊ. ಅದಕ್ಕಾಗಿ ಗಾಯಕ ಕ್ರಿಸ್ ಮಾರ್ಟಿನ್ ಇಡೀ ಹಾಡನ್ನು ತಿರುಗುಮುರುಗಾಗಿ ಹಾಡಲು ಕಲಿಯಬೇಕಾಯಿತು. ಪೀಟರ್ ಗೇಬ್ರಿಯಲ್‌ರ ‘ಸ್ಲೆಡ್ಜ್‌ಹ್ಯಾಮರ್’ (1986) ಸ್ಥಿರಚಿತ್ರಗಳನ್ನು ಒಂದೊಂದಾಗಿ ತೆಗೆದು ಜೋಡಿಸುವ ಸ್ಟಾಪ್ ಮೋಷನ್ ವಿಧಾನಕ್ಕೆ ಹೆಸರಾಗಿದೆ. ಸೆಕೆಂಡಿಗೆ 25 ಫ್ರೇಮ್ ವೇಗದಲ್ಲಿ ಪ್ರತಿ ಚಿತ್ರವನ್ನು ಎರಡು ಫ್ರೇಮ್ ಹಿಡಿದರೂ 3 ನಿಮಿಷದ ಹಾಡಿಗೆ 2,250 ಸ್ಥಿರಚಿತ್ರ ಬೇಕು. ಆದ್ದರಿಂದ ವಿದ್ಯಾರ್ಥಿ ತಂಡಗಳು ಈ ವಿಧಾನವನ್ನು ಹಾಡಿನ ಒಂದೆರಡು ಭಾಗಕ್ಕೆ ಸೀಮಿತಗೊಳಿಸುವುದು ಲೇಸು.

ಯೋಜನೆ

ಹಾಡಿನ ಆಯ್ಕೆಯ ನಂತರದ ಮೊದಲ ಕೆಲಸ ಕಾಲಪಟ್ಟಿ. ಹಾಡನ್ನು ಮತ್ತೆ ಮತ್ತೆ ಕೇಳಿ, ಪ್ರತಿ ವಿಭಾಗ ಎಷ್ಟನೆಯ ಸೆಕೆಂಡಿಗೆ ಶುರುವಾಗಿ ಎಷ್ಟಕ್ಕೆ ಮುಗಿಯುತ್ತದೆ, ಯಾವ ವಾದ್ಯ ಎಲ್ಲಿ ಸೇರುತ್ತದೆ, ಎಲ್ಲಿ ನಿಶ್ಶಬ್ದವಿದೆ ಎಂದು ಬರೆದಿಡುತ್ತಾರೆ. ಲಯವನ್ನು ನಿಮಿಷಕ್ಕೆ ಎಷ್ಟು ತಾಳಪೆಟ್ಟು ಎಂದು ಎಣಿಸಿದರೆ ಅದನ್ನು ಫ್ರೇಮ್ ಲೆಕ್ಕಕ್ಕೆ ತರಬಹುದು. ನಿಮಿಷಕ್ಕೆ 100 ಪೆಟ್ಟಿನ ಹಾಡಿನಲ್ಲಿ ಒಂದು ಪೆಟ್ಟಿಗೆ 0.6 ಸೆಕೆಂಡ್, ಅಂದರೆ 25 ಫ್ರೇಮ್ ವೇಗದಲ್ಲಿ 15 ಫ್ರೇಮ್. ನಾಲ್ಕು ಪೆಟ್ಟಿನ ಒಂದು ಸುತ್ತಿಗೆ 60 ಫ್ರೇಮ್. 120 ಪೆಟ್ಟಿನ ಹಾಡಿನಲ್ಲಿ ಒಂದು ಪೆಟ್ಟಿಗೆ ಹನ್ನೆರಡೂವರೆ ಫ್ರೇಮ್ ಬರುವುದರಿಂದ ಕತ್ತರಿ ಒಮ್ಮೆ 12ಕ್ಕೆ, ಒಮ್ಮೆ 13ಕ್ಕೆ ಬೀಳುತ್ತದೆ. ಹಾರ್ಮೋನಿಯಂ, ತಬಲಾ ಮುಂದಿಟ್ಟುಕೊಂಡು ಕೂತು ಹಾಡಿದ ಭಾವಗೀತೆ, ಜನಪದ ಗೀತೆಗಳ ಮುದ್ರಣಗಳಲ್ಲಿ ಲಯ ಕಲಾವಿದರ ಉಸಿರಿನೊಡನೆ ಹಿಂದುಮುಂದಾಗುತ್ತದೆ. ಅಲ್ಲಿ ಈ ಗಣಿತ ನಡೆಯದು. ಕಿವಿಯಿಂದಲೇ ಗುರುತು ಹಾಕಬೇಕು.

ಕಾಲಪಟ್ಟಿಯ ಮೇಲೆ ಒಂದೆರಡು ಪುಟದ ದೃಶ್ಯವಿವರಣೆ, ಅನಂತರ ಶಾಟ್‌ಗಳನ್ನು ಒಂದೊಂದಾಗಿ ಬಿಡಿಸಿ ತೋರಿಸುವ ಸ್ಟೋರಿಬೋರ್ಡ್ ಸಿದ್ಧವಾಗುತ್ತದೆ. ಸ್ಟೋರಿಬೋರ್ಡಿನ ಚಿತ್ರಗಳನ್ನು ಫೋನಿನಲ್ಲಿ ಹಿಡಿದು, ಹಾಡಿನ ಜೊತೆ ಜೋಡಿಸಿದರೆ ಅದು ‘ಅನಿಮ್ಯಾಟಿಕ್’. ಕಾಗದದ ಮೇಲೆ ಸಾಕಷ್ಟು ಎನ್ನಿಸಿದ ದೃಶ್ಯಗಳು ಹಾಡಿನ ಅರ್ಧಕ್ಕೂ ಸಾಲವೆಂಬುದು ಈ ಹಂತದಲ್ಲಿಯೇ ತಿಳಿಯುತ್ತದೆ. ಸರಾಸರಿ ಶಾಟ್ 3 ಸೆಕೆಂಡಿನದಾದರೆ 4 ನಿಮಿಷದ ಹಾಡಿಗೆ 80 ಶಾಟ್ ಬೇಕು.

ಶಾಟ್ ಪಟ್ಟಿಯನ್ನು ಹಾಡಿನ ಕ್ರಮದಲ್ಲಿ ಅಲ್ಲ, ಸ್ಥಳ ಮತ್ತು ಬೆಳಕಿನ ಕ್ರಮದಲ್ಲಿ ಬರೆಯುತ್ತಾರೆ. ಸ್ಥಳ ಪರಿಶೀಲನೆಗೆ ಚಿತ್ರೀಕರಣದ ಹೊತ್ತಿನಲ್ಲಿಯೇ ಹೋಗಿ ಬಿಸಿಲಿನ ದಿಕ್ಕು, ವಿದ್ಯುತ್, ಜನಸಂಚಾರ ನೋಡಬೇಕು. ಯಾರು ಎಷ್ಟು ಗಂಟೆಗೆ ಎಲ್ಲಿಗೆ ಬರಬೇಕೆಂಬ ದಿನಚರಿ ಪಟ್ಟಿ, ಉಡುಪಿನ ಫೋಟೊಗಳು, ಅಪಾಯಗಳ ಪಟ್ಟಿ ಉಳಿದ ದಾಖಲೆಗಳು.

ಚಿತ್ರೀಕರಣ

ಪ್ರದರ್ಶನ ಭಾಗದ ಚಿತ್ರೀಕರಣದಲ್ಲಿ ಇಡೀ ಹಾಡನ್ನು ದೂರ, ಮಧ್ಯಮ, ಸಮೀಪ ಎಂಬ ಮೂರು ಅಳತೆಯಲ್ಲಿ ಮೊದಲಿನಿಂದ ಕೊನೆಯವರೆಗೆ ತೆಗೆಯುವುದು ಸುರಕ್ಷಿತ ವಿಧಾನ. ಉಳಿದ ಎಲ್ಲ ಶಾಟ್ ವಿಫಲವಾದರೂ ಇಷ್ಟರಿಂದ ಒಂದು ವಿಡಿಯೊ ಕಟ್ಟಬಹುದು. ತುಣುಕು ತುಣುಕಾಗಿ ತೆಗೆಯುವಾಗ ಬೇಕಾದ ಸಾಲಿಗಿಂತ ಒಂದೆರಡು ಸಾಲು ಹಿಂದಿನಿಂದ ಪ್ಲೇಬ್ಯಾಕ್ ಶುರುಮಾಡಿ, ಮುಗಿದ ಮೇಲೂ ಕೆಲವು ಸೆಕೆಂಡ್ ಕ್ಯಾಮೆರಾ ಓಡಿಸಬೇಕು. ಕಲಾವಿದರು ಬರೀ ತುಟಿ ಆಡಿಸಿದರೆ ಗಂಟಲಿನ ಸ್ನಾಯು, ಎದೆಯ ಉಸಿರು ಆ ಸುಳ್ಳನ್ನು ಬಯಲುಮಾಡುತ್ತವೆ. ನಿಜವಾಗಿಯೂ ಗಟ್ಟಿಯಾಗಿ ಹಾಡಬೇಕು. ಪ್ಲೇಬ್ಯಾಕ್ ಧ್ವನಿಯ ಆರಂಭಕ್ಕೆ ಮೂರು ‘ಬೀಪ್’ ಸೇರಿಸಿಟ್ಟರೆ ಕಲಾವಿದರಿಗೂ ಎತ್ತುಗಡೆ ಸಿಗುತ್ತದೆ, ಸಂಕಲನಕ್ಕೂ ಗುರುತಾಗುತ್ತದೆ.

ಕ್ಯಾಮೆರಾದ ಮೈಕು ಹಿಡಿಯುವ ಧ್ವನಿ ಕೊನೆಯ ವಿಡಿಯೊದಲ್ಲಿ ಇರುವುದಿಲ್ಲ. ಆದರೆ ಅದನ್ನು ಮುಚ್ಚಬಾರದು. ಶಾಟನ್ನು ಹಾಡಿಗೆ ಕೂಡಿಸಲು ಅದೇ ಆಧಾರ. ಇಲ್ಲಿ ದೂರದ ಪ್ರಶ್ನೆ ಬರುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಸ್ಪೀಕರ್ ಗಾಯಕರ ಬಳಿಯಿದ್ದು ಕ್ಯಾಮೆರಾ 34 ಮೀಟರ್ ದೂರದಿಂದ ಜೂಮ್ ಮಾಡಿದರೆ, ಮೈಕಿಗೆ ಹಾಡು 100 ಮಿಲಿಸೆಕೆಂಡ್, ಅಂದರೆ ಎರಡೂವರೆ ಫ್ರೇಮ್ ತಡವಾಗಿ ತಲುಪುತ್ತದೆ. ಆ ಧ್ವನಿಯನ್ನು ನಂಬಿ ಕೂಡಿಸಿದರೆ ತುಟಿ ಹಾಡಿಗಿಂತ ಮುಂದೆ ಓಡುತ್ತದೆ. 10 ಮೀಟರ್ ಒಳಗೆ ಈ ವ್ಯತ್ಯಾಸ ಒಂದು ಫ್ರೇಮಿಗಿಂತ ಕಡಿಮೆ.

ಭಾರತದ ವಿದ್ಯುತ್ ಆವರ್ತನ 50 ಹರ್ಟ್ಸ್ ಆದ್ದರಿಂದ ಟ್ಯೂಬ್‌ಲೈಟ್ ಮತ್ತು ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಕಾಣದ ಈ ಮಿಣುಕು ಸೆಕೆಂಡಿಗೆ 30 ಫ್ರೇಮ್, 1/60 ಷಟರ್ ವೇಗದಲ್ಲಿ ತೆಗೆದ ವಿಡಿಯೊದಲ್ಲಿ ಹರಿದಾಡುವ ಪಟ್ಟೆಗಳಾಗಿ ಮೂಡುತ್ತದೆ. ಒಳಾಂಗಣದಲ್ಲಿ 25 ಫ್ರೇಮ್ ಮತ್ತು 1/50 ಷಟರ್ ಆರಿಸಿದರೆ ತೊಂದರೆಯಿಲ್ಲ. ಚಲನೆಯೂ ಸಹಜವಾಗಿ ಕಾಣುತ್ತದೆ. ಫೋನಿನಲ್ಲಿ ತೆಗೆಯುವವರು ಫೋಕಸ್, ಬೆಳಕಿನ ಪ್ರಮಾಣ, ಬಣ್ಣದ ಸಮತೋಲ ಮೂರನ್ನೂ ಲಾಕ್ ಮಾಡದಿದ್ದರೆ ಕಲಾವಿದರು ಕದಲಿದಂತೆಲ್ಲ ಚಿತ್ರದ ಬಣ್ಣವೂ ಕದಲುತ್ತದೆ.

ನಿಧಾನಗತಿಯ ಚಿತ್ರದಲ್ಲಿಯೂ ತುಟಿ ಹಾಡಿಗೆ ಕೂಡುವಂತೆ ಮಾಡುವುದು ಸಂಗೀತ ವಿಡಿಯೊಗೇ ವಿಶಿಷ್ಟವಾದ ತಂತ್ರ. ಹಾಡನ್ನು ಇಮ್ಮಡಿ ವೇಗದಲ್ಲಿ ಹಾಕಿ, ಕಲಾವಿದರು ಅದೇ ವೇಗದಲ್ಲಿ ಹಾಡುತ್ತಿರಲು ಸೆಕೆಂಡಿಗೆ 50 ಫ್ರೇಮ್ ತೆಗೆಯುತ್ತಾರೆ. ಅದನ್ನು 25 ಫ್ರೇಮಿಗೆ ಇಳಿಸಿದಾಗ ತುಟಿ ಮೂಲ ಹಾಡಿಗೆ ಸರಿಹೊಂದುತ್ತದೆ. ಕೂದಲು, ಬಟ್ಟೆ, ಹೊಗೆ ಮಾತ್ರ ತೇಲುವಂತೆ ನಿಧಾನವಾಗಿ ಚಲಿಸುತ್ತವೆ.

ಬೆಳಕಿಗೆ ದೊಡ್ಡ ಸಲಕರಣೆ ಬೇಕಿಲ್ಲ. ಕಿಟಕಿಯ ಬೆಳಕು, ಎದುರಿಗೆ ಹಿಡಿದ ಬಿಳಿ ಥರ್ಮೊಕೋಲ್ ಹಾಳೆ, ಹಿಂದಿನಿಂದ ಒಂದು ದೀಪ ಇಷ್ಟರಲ್ಲಿ ಮುಖದ ಶಾಟ್‌ಗಳು ಬರುತ್ತವೆ. ಹಿನ್ನೆಲೆಯನ್ನು ಸಂಕಲನದಲ್ಲಿ ಬದಲಿಸಲೆಂದು ಹಸಿರು ಪರದೆ ಬಳಸುವಾಗ ಕಲಾವಿದರನ್ನು ಪರದೆಯಿಂದ ದೂರ ನಿಲ್ಲಿಸಿ, ಪರದೆಗೆ ಬೇರೆಯೇ ಬೆಳಕು ಕೊಡಬೇಕು. ಇಲ್ಲವಾದರೆ ಹಸಿರು ಛಾಯೆ ಮೈಗೆ ಅಂಟುತ್ತದೆ. ಕೈ, ಪಾದ, ವಾದ್ಯದ ತಂತಿ, ಸ್ಥಳದ ವಿವರಗಳ ಬಿಡಿ ಶಾಟ್‌ಗಳನ್ನು ಧಾರಾಳವಾಗಿ ತೆಗೆದಿಡುವುದು ಒಳ್ಳೆಯದು. ಅವು ಸಂಕಲನದ ಹೊತ್ತಿನಲ್ಲಿ ಹಲವು ತಪ್ಪುಗಳನ್ನು ಮುಚ್ಚಬಲ್ಲವು.

ಸಂಕಲನ

ಮೊದಲು ಹಾಡಿನ ಮೂಲ ಧ್ವನಿಕಡತವನ್ನು ಸಂಕಲನ ತಂತ್ರಾಂಶದ ಟೈಮ್‌ಲೈನಿನಲ್ಲಿ ಇಟ್ಟು ಬೀಗ ಹಾಕುತ್ತಾರೆ. ಪೂರ್ತಿ ಟೇಕುಗಳನ್ನು ತರಂಗರೂಪದ ನೆರವಿನಿಂದ ಅದರ ಕೆಳಗೆ ಕೂಡಿಸುತ್ತಾರೆ. ಡಾವಿಂಚಿ ರಿಸಾಲ್ವ್, ಅಡೋಬಿ ಪ್ರೀಮಿಯರ್ ಪ್ರೊ, ಫೈನಲ್ ಕಟ್ ಪ್ರೊ ಮೂರರಲ್ಲೂ ಇದಕ್ಕೆ ಸೌಲಭ್ಯವಿದ್ದು, ರಿಸಾಲ್ವ್‌ನ ಒಂದು ಆವೃತ್ತಿ ಉಚಿತ. ಹಲವು ಫೋನುಗಳು ಫ್ರೇಮ್ ವೇಗವನ್ನು ಚಿತ್ರೀಕರಣದ ನಡುವೆಯೇ ಏರಿಳಿಸುತ್ತವೆ. ಅಂಥ ಶಾಟ್ ಮೊದಲ ಸಾಲಿನಲ್ಲಿ ಕೂಡಿದ್ದು ಮೂರನೆಯ ನಿಮಿಷಕ್ಕೆ ಜಾರಿರುತ್ತದೆ. ಸಂಕಲನಕ್ಕೆ ಮುಂಚೆ ಅವನ್ನು ಸ್ಥಿರ ವೇಗಕ್ಕೆ ಪರಿವರ್ತಿಸುವುದೇ ಪರಿಹಾರ.

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಟಿ.1359 ಶಿಫಾರಸಿನ ಪ್ರಕಾರ ಧ್ವನಿ ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮುಂದಾದರೆ ಅಥವಾ 125 ಮಿಲಿಸೆಕೆಂಡ್ ಹಿಂದಾದರೆ ನೋಡುಗರ ಗಮನಕ್ಕೆ ಬರುತ್ತದೆ. 25 ಫ್ರೇಮ್ ವೇಗದಲ್ಲಿ ಇದು ಒಂದು ಕಡೆ ಒಂದು ಫ್ರೇಮ್, ಇನ್ನೊಂದು ಕಡೆ ಮೂರು ಫ್ರೇಮ್. ಲಿಪ್ ಸಿಂಕ್ ಪರೀಕ್ಷಿಸಲು ತುಟಿ ಪೂರ್ತಿ ಮುಚ್ಚಿ ತೆರೆಯುವ ಪ, ಬ, ಮ ಅಕ್ಷರಗಳು ಅನುಕೂಲ.

ಕೂಡಿಸಿದ ಟೇಕುಗಳಿಂದ ಮೊದಲು ಪ್ರದರ್ಶನದ ಒರಟು ಸಂಕಲನ ಮಾಡಿ, ಅದರ ಮೇಲೆ ಕಥೆಯ ದೃಶ್ಯಗಳನ್ನು ಹೊದಿಸುವುದು ಸಾಮಾನ್ಯ ಕ್ರಮ. ಪ್ರತಿ ಪೆಟ್ಟಿಗೂ ಕತ್ತರಿಸುವ ಪ್ರವೃತ್ತಿ ಹೊಸಬರಲ್ಲಿ ಹೆಚ್ಚು. ಶಾಟಿನ ಉದ್ದವನ್ನೇ ಅಳತೆಗೋಲು ಮಾಡುವ ಈ ವಿಧಾನವನ್ನು ಸೋವಿಯತ್ ನಿರ್ದೇಶಕ ಸೆರ್ಗೈ ಐಸೆನ್‌ಸ್ಟೈನ್ 1929ರಷ್ಟು ಹಿಂದೆಯೇ ‘ಮೆಟ್ರಿಕ್ ಮಾಂಟಾಜ್’ ಎಂದು ವರ್ಗೀಕರಿಸಿ, ಅದಕ್ಕಿಂತ ಮೇಲಿನ ಹಂತಗಳನ್ನೂ ಹೇಳಿದ್ದರು. ಅಮೆರಿಕದ ಸಂಕಲನಕಾರ ವಾಲ್ಟರ್ ಮರ್ಚ್ ಕತ್ತರಿಯ ಕಾರಣಗಳಲ್ಲಿ ಭಾವಕ್ಕೆ ಮೊದಲ ಸ್ಥಾನ, ಕಥೆಗೆ ಎರಡನೆಯದು, ಲಯಕ್ಕೆ ಮೂರನೆಯದು ಕೊಡುತ್ತಾರೆ. ಹಾಡು ಲಯವನ್ನು ತಾನೇ ಹೊತ್ತಿರುವುದರಿಂದ ಸಂಗೀತ ವಿಡಿಯೊದಲ್ಲಿ ಈ ಕ್ರಮಕ್ಕೆ ಇನ್ನಷ್ಟು ಅರ್ಥವಿದೆ. ಕತ್ತರಿ ಒಮ್ಮೆ ಪೆಟ್ಟಿನ ಮೇಲೆ, ಒಮ್ಮೆ ಸಾಲಿನ ಕೊನೆಯ ಉಸಿರಿನ ಮೇಲೆ, ಒಮ್ಮೆ ಚಲನೆಯ ನಡುವೆ ಬೀಳಬಹುದು. ಹಾಡು ತುರುಸಾದಾಗ ಉದ್ದನೆಯ ಶಾಟ್ ಹಿಡಿಯುವುದೂ ಒಂದು ತಂತ್ರ.

ಬಣ್ಣದ ಕೆಲಸ ಎರಡು ಹಂತದ್ದು. ಶಾಟ್ ಶಾಟಿಗೂ ಬೆಳಕು ಹೊಂದುವಂತೆ ಸರಿಪಡಿಸುವುದು ಮೊದಲನೆಯದು, ಇಡೀ ವಿಡಿಯೊಗೆ ಒಂದು ವರ್ಣಭಾವ ಕೊಡುವುದು ಎರಡನೆಯದು. ವೇಗದ ಏರಿಳಿತ, ಪರದೆ ವಿಭಜನೆ, ಚಿತ್ರದ ಮೇಲೆ ಚಿತ್ರ ಹೊದಿಸುವುದು ಮುಂತಾದ ಪರಿಣಾಮಗಳು ಆಮೇಲೆ ಬರುತ್ತವೆ.

ಹಕ್ಕು ಮತ್ತು ಅನುಮತಿ

ಹಾಡೊಂದರಲ್ಲಿ ಸಾಹಿತ್ಯ, ರಾಗಸಂಯೋಜನೆ, ಧ್ವನಿಮುದ್ರಣ ಮೂರಕ್ಕೂ ಬೇರೆ ಬೇರೆ ಹಕ್ಕು. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಸಾಹಿತ್ಯದ ಹಕ್ಕು ಕವಿ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ, ಧ್ವನಿಮುದ್ರಣದ್ದು ಪ್ರಕಟಣೆಯ ಮುಂದಿನ ವರ್ಷದಿಂದ 60 ವರ್ಷ. 1981ರಲ್ಲಿ ತೀರಿಕೊಂಡ ದ. ರಾ. ಬೇಂದ್ರೆಯವರ ಕವಿತೆಗಳಿಗೆ 2041ರ ಕೊನೆಯವರೆಗೆ, 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕವಿತೆಗಳಿಗೆ 2054ರ ಕೊನೆಯವರೆಗೆ ರಕ್ಷಣೆಯಿದೆ. ವಚನ, ದಾಸರ ಪದ, ಶಿಶುನಾಳ ಶರೀಫರ ತತ್ವಪದಗಳ ಸಾಹಿತ್ಯ ಮುಕ್ತ; ಆದರೆ ಈಚಿನವರು ಹಾಡಿದ ಮುದ್ರಣಕ್ಕೂ ಕೂಡಿಸಿದ ಹೊಸ ರಾಗಕ್ಕೂ ಹಕ್ಕಿರುತ್ತದೆ. ತರಗತಿಯೊಳಗಿನ ಬಳಕೆಗೆ ಕಾಯಿದೆಯಲ್ಲಿ ಕೆಲವು ವಿನಾಯಿತಿಗಳಿದ್ದರೂ ವಿಡಿಯೊವನ್ನು ಸಾರ್ವಜನಿಕವಾಗಿ ಜಾಲಕ್ಕೆ ಏರಿಸುವುದು ಬೇರೆಯೇ ವಿಷಯ. ಸಹಪಾಠಿಗಳೇ ಹಾಡಿ ಮುದ್ರಿಸಿದ ಶರೀಫರ ಪದವನ್ನೋ ಸ್ಥಳೀಯ ಬ್ಯಾಂಡ್ ಲಿಖಿತವಾಗಿ ಒಪ್ಪಿಕೊಟ್ಟ ಸ್ವಂತ ಹಾಡನ್ನೋ ಆರಿಸಿದರೆ ಈ ತೊಡಕು ಬಹುಮಟ್ಟಿಗೆ ತಪ್ಪುತ್ತದೆ.

ಹಂಪಿ, ಪಟ್ಟದಕಲ್ಲಿನಂಥ ಸಂರಕ್ಷಿತ ಸ್ಮಾರಕಗಳಲ್ಲಿ ಚಿತ್ರೀಕರಣಕ್ಕೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ, ಕಾಡಿನಲ್ಲಿ ಅರಣ್ಯ ಇಲಾಖೆಯ ಅನುಮತಿ ಬೇಕು. 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂ ಮೀರದ ಡ್ರೋನಿಗೆ ಪೈಲಟ್ ಪ್ರಮಾಣಪತ್ರ ಬೇಡವಾದರೂ ಹಾರಾಟಕ್ಕೆ ನಿರ್ಬಂಧವಿರುವ ಕೆಂಪು ವಲಯದಲ್ಲಿ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ನಟಿಸಿದವರಿಂದ, ಅವರು 18 ವರ್ಷದೊಳಗಿನವರಾದರೆ ಪೋಷಕರಿಂದ, ಲಿಖಿತ ಒಪ್ಪಿಗೆ ಪಡೆಯುವುದು ರೂಢಿ.

ಇಂದಿನ ಸ್ಥಿತಿ

2005ರಲ್ಲಿ ಯೂಟ್ಯೂಬ್ ಬಂದ ಮೇಲೆ ವಿದ್ಯಾರ್ಥಿ ಕೃತಿಗೂ ತರಗತಿಯ ಹೊರಗೆ ನೋಡುಗರು ಸಿಕ್ಕರು. 2008ರಲ್ಲಿ ನಿಕಾನ್ ಡಿ90, ಕ್ಯಾನನ್ 5ಡಿ ಮಾರ್ಕ್ 2 ಕ್ಯಾಮೆರಾಗಳು ಸ್ಥಿರಚಿತ್ರದ ಕ್ಯಾಮೆರಾದಲ್ಲಿಯೇ ವಿಡಿಯೊ ತೆಗೆಯುವ ಅವಕಾಶ ಕೊಟ್ಟವು. ಈಗ ಆ ಸ್ಥಾನ ಫೋನಿನದು. ಕನ್ನಡದ ಸ್ವತಂತ್ರ ಬ್ಯಾಂಡುಗಳೂ ರ‍್ಯಾಪ್ ಗಾಯಕರೂ ಸಿನಿಮಾದ ಆಸರೆಯಿಲ್ಲದೆ ವಿಡಿಯೊ ಹೊರತರುತ್ತಿರುವುದರಿಂದ ವಿದ್ಯಾರ್ಥಿಗಳಿಗೆ ಸ್ವಂತ ಭಾಷೆಯ ಮಾದರಿಗಳು ದೊರೆಯುತ್ತಿವೆ.

ರೀಲ್ಸ್ ಮತ್ತು ಶಾರ್ಟ್ಸ್‌ಗಳ 9:16 ಲಂಬ ಚೌಕಟ್ಟು ಯೋಜನೆಯ ಹಂತವನ್ನೇ ಬದಲಿಸಿದೆ. ಒಂದೇ ಶಾಟಿನಿಂದ ಅಡ್ಡ, ಲಂಬ ಎರಡೂ ರೂಪ ತೆಗೆಯಬೇಕಾದರೆ ಮುಖವನ್ನು ನಡುವಿನ ಪಟ್ಟಿಯಲ್ಲಿ ಹಿಡಿದು 4ಕೆಯಲ್ಲಿ ಚಿತ್ರೀಕರಿಸುತ್ತಾರೆ. 3840×2160 ಚಿತ್ರದಿಂದ 1215×2160 ಅಳತೆಯ ಲಂಬ ತುಂಡು ಸಿಗುತ್ತದೆ. 1920×1080 ಚಿತ್ರದಿಂದ ಸಿಗುವುದು ಕೇವಲ 608 ಪಿಕ್ಸೆಲ್ ಅಗಲ. ಬರಹದಿಂದಲೇ ಚಿತ್ರ ಸೃಷ್ಟಿಸುವ ಕೃತಕ ಬುದ್ಧಿಮತ್ತೆಯ ಸಾಧನಗಳು ಈಗ ವಿದ್ಯಾರ್ಥಿಗಳ ಕೈಗೂ ಬಂದಿವೆ. ಬ್ರಿಟನ್ನಿನ ಪರೀಕ್ಷಾ ಮಂಡಳಿಗಳ ಜಂಟಿ ಸಮಿತಿ 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಅಂಥ ಬಳಕೆಯನ್ನು ವಿದ್ಯಾರ್ಥಿ ಸ್ಪಷ್ಟವಾಗಿ ನಮೂದಿಸಬೇಕು. ಸಲ್ಲಿಸುವ ಕೆಲಸ ಆತನ ಅಥವಾ ಆಕೆಯ ಸ್ವಂತದ್ದಾಗಿರಬೇಕು.